ರುದ್ರಮ್ಮನ ಹುಳಿ

ಹಳೇಬೀಡಿನ ದೇವಸ್ಥಾನದಿಂದ ಬಸದಿಗಳ ಕಡೆಗೆ ಹೋಗುವ ರಸ್ತೆಯಲ್ಲಿ ರುದ್ರಮ್ಮನ ಮೆಸ್ ಇದೆ. ಬೋರ್ಡು ಇಲ್ಲ. ಬೋರ್ಡು ಬರೆಸೋಣ ಎಂದು ಅವರ ಯಜಮಾನರು ಷಡಕ್ಷರಪ್ಪ ಎಷ್ಟೋ ಸಲ ಹೇಳಿದ್ದಾರೆ. ವಾಸನೆ ಹಿಡಿದು ಬರುವವರಿಗೆ ಬೋರ್ಡು ಯಾಕೆ ಎಂದು ರುದ್ರಮ್ಮ ಅಷ್ಟೇ ಸಲ ಬೇಡ ಅಂದಿದ್ದಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಅವರ ಹುಳಿಗೆ ಒಗ್ಗರಣೆ ಬಿದ್ದರೆ ಕೆರೆ ಏರಿಯ ಮೇಲೆ ನಿಂತವರಿಗೂ ಹಸಿವಾಗುತ್ತದೆ.

ನಮ್ಮ ಕಡೆ ಅನ್ನದ ಮೇಲೆ ಬೀಳುವ ಬೇಳೆ ತರಕಾರಿಯ ಸಾಂಬಾರಿಗೂ ಹುಳಿ ಎಂದೇ ಹೆಸರು. ಹುಣಿಸೆಹಣ್ಣಿನ ರುಚಿಯೂ ಹುಳಿ. ಇಬ್ಬರ ನಡುವೆ ಮಾತು ಕೆಟ್ಟರೆ ಯಾರೋ ಹುಳಿ ಹಿಂಡಿದರು ಅನ್ನುತ್ತೇವೆ. ಒಂದೇ ಪದಕ್ಕೆ ಇಷ್ಟೊಂದು ಕೆಲಸ ಕೊಟ್ಟದ್ದರಿಂದಲೇ ಈ ವರ್ಷ ಆ ಮನೆಯಲ್ಲಿ ಆಗಿದ್ದೆಲ್ಲ ಆಯಿತು.

ರುದ್ರಮ್ಮನಿಗೆ ಅರವತ್ತು ದಾಟಿದೆ. ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಒಲೆ ಹಚ್ಚಿದವರಲ್ಲ. ಹಸಿದು ಬಂದವರನ್ನು ಹಾಗೇ ಕಳಿಸಿದವರಲ್ಲ. ಯಾರಾದರೂ ಊಟ ಹೊಗಳಿದರೆ ಮುಖ ಆ ಕಡೆ ತಿರುಗಿಸಿ, ನಂದೇನೈತೆ, ಎಲ್ಲಾ ಶಿವನದು ಅನ್ನುತ್ತಾರೆ. ಹೊಗಳದೆ ಕೈತೊಳೆಯಲು ಎದ್ದರೆ, ಮೈಗೆ ಹುಷಾರಿಲ್ವಾ ಎಂದು ವಿಚಾರಿಸುತ್ತಾರೆ.

ಮೂರು ವರ್ಷದ ಹಿಂದೆ ಮಹಡಿಯ ಮೇಲೊಂದು ರೂಮು ಕಟ್ಟಿಸಿ, ಮಠದ ಅಯ್ಯನವರನ್ನು ಕರೆಸಿ, ಬೀದಿಗೆಲ್ಲ ಊಟ ಹಾಕಿಸಿದರು. ಪಂಕ್ತಿಯಲ್ಲಿ ಕೂತಿದ್ದ ಅವರ ಓರಗಿತ್ತಿ, ಅಂದರೆ ಷಡಕ್ಷರಪ್ಪನ ತಮ್ಮನ ಹೆಂಡತಿ ಅನುಸೂಯಮ್ಮ, ಒಂದು ತುತ್ತು ಉಂಡು, "ಅಕ್ಕಾ, ಹುಳಿ ಒಸಿ ಮುಂದಾಯ್ತೇನೋ" ಅಂದರು. ಅಯ್ಯನವರ ಎದುರಿಗೇ ಅಂದರು. ಆಸ್ತಿಯ ಜಗಳವಲ್ಲ, ಒಡವೆಯ ಜಗಳವಲ್ಲ, ಬೇಲಿ ಒತ್ತಿದ ಜಗಳವಲ್ಲ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಅಂದರೆ ನೇರ ಮಾತಿಲ್ಲ. ಎರಡೂ ಮನೆಯ ಹಿತ್ತಲಿಗೆ ಒಂದೇ ಮೋಟು ಗೋಡೆ. ಈ ಕಡೆ ರುದ್ರಮ್ಮ ಗೋಡೆಯ ಮೇಲೆ ಕೂತ ಕಾಗೆಗೆ ಹೇಳುತ್ತಾರೆ, ಆ ಕಡೆ ಅನುಸೂಯಮ್ಮ ತಮ್ಮ ಹಸು ಗೌರಿಗೆ ಹೇಳುತ್ತಾರೆ. ನಲ್ಲಿಯಲ್ಲಿ ನೀರು ಬಂತು, ಷಡಕ್ಷರಪ್ಪನ ತಮ್ಮ ಅರಸೀಕೆರೆಗೆ ಕೊಬ್ಬರಿ ಮಾರಲು ಹೋಗಿದ್ದಾನೆ, ಕರಿಬೇವು ಬೇಕಾದವರು ಕಿತ್ತುಕೊಳ್ಳಬಹುದು, ಇಂಥ ಸಮಾಚಾರವೆಲ್ಲ ಕಾಗೆ ಮತ್ತು ಹಸುವಿನ ಮೂಲಕ ತಪ್ಪದೆ ತಲುಪುತ್ತಿತ್ತು. ಹಾಲು ತರಲು ಆ ಮನೆಗೆ, ಕಷ್ಟಸುಖ ಹೇಳಲು ಈ ಮನೆಗೆ ಹೋಗುವ ನಮ್ಮಂಥವರಿಗೆ ಇದು ಅಭ್ಯಾಸವಾಗಿಹೋಗಿತ್ತು.

ಈ ವರ್ಷ ಯುಗಾದಿ ಕಳೆದ ಕೂಡಲೇ ಅನುಸೂಯಮ್ಮನ ಮಗಳು ನಂದಿತಾಗೆ ಅರಸೀಕೆರೆಯ ಗಂಡು ಗೊತ್ತಾಯಿತು. ಹುಣ್ಣಿಮೆ ಕಳೆದ ಭಾನುವಾರ ಮನೆಯಲ್ಲೇ ನಿಶ್ಚಿತಾರ್ಥ. ನಂದಿತಾ ಎತ್ತಿ ಆಡಿಸಿದ ಮಗು, ರುದ್ರಮ್ಮನ ಸೊಂಟದ ಮೇಲೇ ಬೆಳೆದವಳು. ಅನುಸೂಯಮ್ಮ ಕುಂಕುಮದ ಬಟ್ಟಲು ಹಿಡಿದು ಬೀದಿಯ ಮನೆಮನೆಗೂ ಹೋಗಿ ಕರೆದರು. ರುದ್ರಮ್ಮನ ಬಾಗಿಲಿಗೆ ಮಾತ್ರ ಬರಲಿಲ್ಲ. ತಮ್ಮ ನಮ್ಮ ಅಂಗಡಿಗೇ ಬಂದು ಹೇಳಿದ್ದಾನಲ್ಲ ಎಂದು ಷಡಕ್ಷರಪ್ಪ ಸಮಾಧಾನ ಮಾಡಲು ಹೋದರು. ಗಂಡಸರು ಅಂಗಡಿಯಲ್ಲಿ ಹೇಳುವುದು ಕರೆಯುವುದಾಗುತ್ತದೆಯೇ? ಕುಂಕುಮ ಹಚ್ಚಿ ಕರೆಯದೆ ತಾನು ಆ ಹೊಸ್ತಿಲು ದಾಟುವುದಿಲ್ಲ ಎಂದು ರುದ್ರಮ್ಮ. ಮನೆಯ ಹಿರೀಸೊಸೆಯನ್ನು ನೆಂಟರ ಹಾಗೆ ಕರೆಯಬೇಕೇ, ಅವರೇ ಬಂದು ಸೌಟು ಹಿಡಿಯಬೇಕಲ್ಲವೇ ಎಂದು ಅನುಸೂಯಮ್ಮ. ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಅದೇ ತೊಂದರೆ. ಅತ್ತ ನಂದಿತಾ, ದೊಡ್ಡಮ್ಮ ಆರತಿ ಎತ್ತದಿದ್ದರೆ ಹಸೆಗೇ ಕೂರುವುದಿಲ್ಲ ಎಂದು ಮುಖ ಊದಿಸಿಕೊಂಡಿದ್ದಳು.

ಆ ಹೊತ್ತಿಗೆ ಮಹಡಿಯ ರೂಮಿನಲ್ಲಿ ಬಾಡಿಗೆಗೆ ಇದ್ದವರು ಸಿಪೋರಾ ನವಗಾಂವ್ಕರ್. ಮರಾಠಿ ಸೀಮೆಯ ಠಾಣೆ ಎಂಬ ಊರಿನವರು, ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತರಾದವರು, ಯೆಹೂದಿ ಮತದವರು. ತಂದೆ ರೈಲ್ವೆಯಲ್ಲಿದ್ದದ್ದರಿಂದ ಹುಬ್ಬಳ್ಳಿಯಲ್ಲಿ ಬೆಳೆದು ಅಲ್ಲಿಯ ಕನ್ನಡವನ್ನೇ ಆಡುತ್ತಿದ್ದರು. ಬೀದಿಯ ನಾಲಿಗೆಗೆ ಆ ಹೆಸರು ಹೊರಳದೆ ಸಿಪಾಯಮ್ಮ ಎಂದಾಯಿತು. ರುದ್ರಮ್ಮ ಮಾತ್ರ ಟೀಚರಮ್ಮ ಅನ್ನುತ್ತಿದ್ದರು. ಟೀಚರಮ್ಮ ದಿನವೂ ದೇವಸ್ಥಾನಕ್ಕೆ ಹೋಗಿ ಗೋಡೆಯ ಬುಡದಲ್ಲಿ ಸಾಲಾಗಿ ನಡೆಯುವ ಆನೆಗಳ ಚಿತ್ರ ಬರೆಯುತ್ತಿದ್ದರು. ಬೇರೆ ಏನನ್ನೂ ಬರೆಯುತ್ತಿರಲಿಲ್ಲ. ಒಂದು ಸಂಜೆ ಷಡಕ್ಷರಪ್ಪ ಆ ಚಿತ್ರ ನೋಡಿ, ಎಮ್ಮೆ ಬಲು ಲಕ್ಷಣವಾಗೈತೆ ಎಂದು ಹೇಳಿಬಿಟ್ಟರು. ಟೀಚರಮ್ಮ ಅವತ್ತು ರಾತ್ರಿ ಊಟಕ್ಕೆ ಇಳಿಯಲಿಲ್ಲ.

ಹಬ್ಬಕ್ಕೆ ಠಾಣೆಯ ತಮ್ಮನ ಮನೆಗೆ ಹೋಗಬೇಕಾಗಿದ್ದ ಟೀಚರಮ್ಮ ದೇವಸ್ಥಾನದ ಮೆಟ್ಟಿಲ ಮೇಲೆ ಕಾಲು ಉಳುಕಿಸಿಕೊಂಡು ಇಲ್ಲೇ ಉಳಿದರು. ಆಗ ಒಂದು ದಿನ ಹೇಳಿದರು: "ನಮ್ಮ ಪೇಸಾಹ್ ಹಬ್ಬ ಹತ್ರ ಬಂತ್ರೀ ರುದ್ರಮ್ಮನವ್ರ. ಆ ಹಬ್ಬದಾಗ ಮನ್ಯಾಗ ಹುಳಿ ಇರಬಾರ್ದು ನೋಡ್ರಿ. ಮನ್ಯಾಗೂ ಇರಬಾರ್ದು, ಮನಸಿನ್ಯಾಗೂ ಇರಬಾರ್ದು. ಎಲ್ಲಾ ತಗದು ಸ್ವಚ್ಛ ಮಾಡಬೇಕು."

ರುದ್ರಮ್ಮ ತಿರುಗಿ ಅಡುಗೆಮನೆಯ ಕಡೆ ನೋಡಿದರು. ಹುಳಿಯಿಲ್ಲದೆ ಮೆಸ್ ನಡೆಸುವುದು ಹೇಗೆ? ಆದರೂ ಅತಿಥಿ ಕೇಳಿದ್ದು ದೇವರು ಕೇಳಿದಂತೆ. ಬಾಯಿಂದ ಆಗಲಿ ಎಂಬ ಮಾತು ಆಗಲೇ ಹೊರಟುಹೋಗಿತ್ತು. ಟೀಚರಮ್ಮ ಹೇಳಿದ್ದು ತಮ್ಮ ರೂಮಿನ ಮಾತು ಎಂದು ಅವರಿಗೆ ಹೊಳೆಯಲಿಲ್ಲ. ಹುಳಿ ಅಂದರೇನು ಎಂದು ಕೇಳಬೇಕು ಅಂತಲೂ ತೋಚಲಿಲ್ಲ. ರುದ್ರಮ್ಮನಿಗೆ ಹುಳಿಯ ಅರ್ಥ ಹೇಳಿಕೊಡುವವರು ಯಾರಿದ್ದಾರೆ!

ತೆಗೆದದ್ದನ್ನು ಎಲ್ಲಿ ಇಡುವುದು ಎಂಬುದನ್ನೂ ಟೀಚರಮ್ಮನಿಂದಲೇ ಕೇಳಿ ತಿಳಿದರು. ತಿನ್ನುವ ವಸ್ತು ಚೆಲ್ಲಲು ಮನಸ್ಸಿಲ್ಲದವರು ಹಬ್ಬದ ಮಟ್ಟಿಗೆ ಅದನ್ನು ಬೇರೆ ಮತದವರಿಗೆ ಮಾರಿಬಿಡುತ್ತಾರಂತೆ, ಹಬ್ಬ ಕಳೆದ ಮೇಲೆ ವಾಪಸು ಕೊಳ್ಳುತ್ತಾರಂತೆ. ಟೀಚರಮ್ಮ ತಮ್ಮ ಬಿಸ್ಕತ್ತು, ರಸ್ಕು, ಶ್ಯಾವಿಗೆಯನ್ನೆಲ್ಲ ಒಂದು ಚೀಲಕ್ಕೆ ತುಂಬಿ, ರುದ್ರಮ್ಮನಿಂದ ಒಂದು ತೆಂಗಿನಕಾಯಿ ತೆಗೆದುಕೊಂಡು ಅವರಿಗೆ ಮಾರಿದರು. ರಸ್ಕಿನಲ್ಲಿ ಯಾವ ಹುಳಿ ಎಂದು ರುದ್ರಮ್ಮನಿಗೆ ಒಂದು ಗಳಿಗೆ ಅನ್ನಿಸಿದ್ದು ಹೌದು. ಅವರ ಕಡೆ ಹಾಗಿರಬಹುದು ಎಂದುಕೊಂಡರು.

ಮಾರನೆಯ ದಿನ ಅಡುಗೆಮನೆ ಬರಿದಾಯಿತು. ಹುಣಿಸೆಹಣ್ಣಿನ ಮಡಕೆ, ಯುಗಾದಿಗೆ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಗಳು, ನಿಂಬೆಹಣ್ಣು, ಮೊಸರಿನ ಗಡಿಗೆ, ಕೊನೆಗೆ ಇಡ್ಲಿ ಹಿಟ್ಟಿನ ಪಾತ್ರೆ, ಎಲ್ಲ ಹಿತ್ತಲಿಗೆ ಬಂತು. ಮನೆಯ ಹೊರಗಿನವರಿಗೆ ಮಾರಬೇಕು. ಷಡಕ್ಷರಪ್ಪ ಅಂಗಡಿಯಲ್ಲಿ ಹೆಗ್ಗಣ ಇದೆ ಎಂದು ಕೈಚೆಲ್ಲಿದರು. ನಿಶ್ಚಿತಾರ್ಥಕ್ಕೆಂದು ಉಗ್ರಾಣ ಖಾಲಿ ಮಾಡಿಸಿ ಸುಣ್ಣ ಬಳಿಸಿದ್ದ ಮನೆ ಹತ್ತಿರದಲ್ಲಿ ಒಂದೇ ಇತ್ತು.

ರುದ್ರಮ್ಮ ಗೋಡೆಯ ಹತ್ತಿರ ಹೋದರು. ಕಾಗೆ ಇತ್ತು.

"ಕೇಳಿಸ್ಕಳಪ್ಪಾ ಕಾಗಣ್ಣ. ನಮ್ಮ ಬಾಡಿಗೆ ಟೀಚರಮ್ಮಂಗೆ ವ್ರತ. ಹಬ್ಬ ಮುಗಿಯೋಗಂಟ ಮನೇಲಿ ಹುಳಿ ಇರಬಾರದಂತೆ. ಯಾರಾದ್ರೂ ಇಟ್ಕಂಡ್ರೆ ಪುಣ್ಯ ಬತ್ತದೆ."

ಆ ಕಡೆ ಬಕೆಟ್ಟಿನ ಸದ್ದು ನಿಂತಿತು. ಅನುಸೂಯಮ್ಮನ ದನಿ ಬಂತು.

"ಗೌರೀ, ನಮ್ಮನೇಲಿ ಜಾಗ ಐತೆ ಅನ್ನು. ಆ ಮನೇಲಿ ಹುಳಿ ಇಲ್ದೆ ಇರೋ ದಿನಾನೂ ಬಂತಲ್ಲ ಅನ್ನು."

ರುದ್ರಮ್ಮ ಎರಡನೆಯ ಮಾತು ಕೇಳಿಸದವರಂತೆ ಭರಣಿಗಳನ್ನು ಒಂದೊಂದಾಗಿ ಗೋಡೆಯ ಮೇಲಿಟ್ಟರು. ಆ ಕಡೆಯಿಂದ ಬಳೆಗಳಿದ್ದ ಕೈ ಬಂದು ಒಂದೊಂದಾಗಿ ಇಳಿಸಿಕೊಂಡಿತು. ಮುಖ ಕಾಣದಂತೆ ಇಬ್ಬರೂ ಬಗ್ಗಿಯೇ ಇದ್ದರು. ಬರಿದೇ ಇಟ್ಟರೆ ಆಗದು, ಮಾರಬೇಕು, ಒಂದು ಕಾಯಿಯನ್ನಾದರೂ ಕೊಡಬೇಕು ಎಂದು ಕಾಗೆಗೆ ಹೇಳಿದ್ದಾಯಿತು. ಕೊನೆಗೆ ಗೋಡೆಯ ಮೇಲೆ ಜುಟ್ಟಿನ ತೆಂಗಿನಕಾಯಿಯೊಂದು ಬಂದು ಕೂತಿತು. ಕಾಗೆ ಹಾರಿಹೋಯಿತು.

ಅಲ್ಲಿಂದ ಮುಂದೆ ಮೆಸ್ಸಿನಲ್ಲಿ ಸಪ್ಪೆ ದಿನಗಳು. ಅನ್ನಕ್ಕೆ ತೊವ್ವೆ, ಮುದ್ದೆಗೆ ಬರೀ ಬೇಳೆ ಕಟ್ಟು, ಬೆಳಿಗ್ಗೆ ಇಡ್ಲಿಯ ಬದಲು ಚಪಾತಿ. ಹಗರೆಯಿಂದ ಹಾಲಿನ ಡೈರಿ ಕೆಲಸಕ್ಕೆ ಬರುವ ಚನ್ನಪ್ಪ ಮೊದಲ ದಿನ ಉಂಡು, ಸುತ್ತ ನೋಡಿ, ದನಿ ತಗ್ಗಿಸಿ, ಮನೆಯಲ್ಲಿ ಯಾರಾದರೂ ಹೋಗಿಬಿಟ್ಟರೇ ಎಂದು ಷಡಕ್ಷರಪ್ಪನನ್ನು ಕೇಳಿದ. ಎರಡನೆಯ ದಿನ ಬೇಲೂರು ಬಸ್ಸಿನ ಕಂಡಕ್ಟರ್ ಇಂದ್ರೇಶ್ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಬಂದ. ರುದ್ರಮ್ಮ ಅದನ್ನು ಬಾಗಿಲಲ್ಲೇ ಹಿಡಿದು, ಹೊರಗೆ ಇಟ್ಟು ಬಾ ಅಂದರು. ವ್ರತ ಎಂದು ತಿಳಿದ ಮೇಲೆ ಯಾರೂ ಎದುರಾಡಲಿಲ್ಲ. ಯಾವ ದೇವರ ವ್ರತ ಎಂದು ಕೇಳಿದವರಿಗೆ, ದೇವರು ಒಬ್ಬನೇ, ಸುಮ್ಮನೆ ಉಣ್ಣಿ ಎಂಬ ಉತ್ತರ ಸಿಗುತ್ತಿತ್ತು. ಹೊಗಳದೆ ಎದ್ದವರನ್ನು ರುದ್ರಮ್ಮ ಆ ದಿನಗಳಲ್ಲಿ ವಿಚಾರಿಸಲಿಲ್ಲ. ಅಷ್ಟು ಜನರನ್ನು ವಿಚಾರಿಸುವುದಾದರೂ ಹೇಗೆ?

ಹುಣ್ಣಿಮೆಯ ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವರು ಟೀಚರಮ್ಮನಿಗೆಂದು ತುಪ್ಪ ಸವರಿದ ಮೆತ್ತನೆಯ ಚಪಾತಿ ಹೊತ್ತು ಮಹಡಿ ಹತ್ತಿದರು. ರೂಮಿನಲ್ಲಿ ಲೈಟು ಆರಿಸಿತ್ತು. ಟೀಚರಮ್ಮ ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದು ಕೈಯಲ್ಲಿ ನವಿಲುಗರಿ ಹಿಡಿದು ಕುಂಟುತ್ತ ಮಂಚದ ಕೆಳಗೆ ನೋಡುತ್ತಿದ್ದರು. ಗರಿ ರುದ್ರಮ್ಮನ ದೇವರ ಗೂಡಿನಿಂದಲೇ ಕೇಳಿ ತಂದದ್ದು. ಕಿಟಕಿಯ ಮೂಲೆಯಲ್ಲಿ ಒಂದು ರಸ್ಕಿನ ಚೂರು ಸಿಕ್ಕಿತು. ಗರಿಯಿಂದ ಅದನ್ನು ಮರದ ಚಮಚಕ್ಕೆ ಗುಡಿಸಿಕೊಂಡರು. ಬಾಗಿಲ ಹಿಂದೆ ಇನ್ನೊಂದು ಸಿಕ್ಕಿತು.

ರುದ್ರಮ್ಮನಿಗೆ ಮುಖಭಂಗವಾಯಿತು. ದಿನಾ ಗುಡಿಸಿ ಸಾರಿಸುವ ರೂಮಿನಲ್ಲಿ ಇಷ್ಟೊಂದು ಚೂರೇ? ಕೆಲಸದ ಮುನಿಯಮ್ಮನನ್ನು ಬೈಯಲು ಬಾಯಿ ತೆರೆದಾಗ ಟೀಚರಮ್ಮ ನಕ್ಕು, ಅವನ್ನು ತಾವೇ ಮಧ್ಯಾಹ್ನ ಅಲ್ಲಲ್ಲಿ ಇಟ್ಟದ್ದು ಎಂದರು. ಹುಡುಕಲು ಹೊರಟು ಏನೂ ಸಿಗದೆ ಹೇಳಿದ ಮಂತ್ರ ವ್ಯರ್ಥವಾಗಬಾರದಲ್ಲ, ಅದಕ್ಕೆ ಹಾಗೆ ಪದ್ಧತಿ.

"ನೀವೇ ಬಚ್ಚಿಟ್ಟು ನೀವೇ ಹುಡುಕೋದಾ?"

"ಹೌದ್ರಿ. ಮನಸಿನ್ಯಾಗಿನ ಹುಳೀನೂ ಹಂಗ. ಎಲ್ಲಿ ಇಟ್ಟೇವಿ ಅಂತ ನಮಗ ಗೊತ್ತೇ ಇರ್ತೈತಿ. ಆ ಮೂಲಿಗೆ ಅಷ್ಟ ದೀಪ ಹಿಡಿಯೂದಿಲ್ಲ."

ರುದ್ರಮ್ಮ ಚಪಾತಿಯ ತಟ್ಟೆಯನ್ನು ಮುಂದೆ ಚಾಚಿದರು. ಟೀಚರಮ್ಮ ಬೆಂಕಿ ಕಂಡವರಂತೆ ಹಿಂದೆ ಸರಿದು, ಅದನ್ನು ಒಳಗೆ ತರಬೇಡಿ, ಹೊಸ್ತಿಲಾಚೆ ಇಡಿ ಅಂದರು. ನನಗೆ ಒಂದಿಷ್ಟು ಅನ್ನ, ಅದರ ಜೊತೆ ನಿಮ್ಮ ಮಾವಿನಕಾಯಿ ಉಪ್ಪಿನಕಾಯಿ ಕೊಟ್ಟರೆ ಸಾಕು, ನಾಳಿದ್ದು ಬೇಕಾದರೆ ಇಡ್ಲಿ ಮಾಡಿ ಅಂದರು.

ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತ ರುದ್ರಮ್ಮನಿಗೆ ಆಗ ಎಲ್ಲ ವಿವರವಾಗಿ ತಿಳಿಯಿತು. ಟೀಚರಮ್ಮನ ಹಿರಿಯರು ಪರದೇಶದ ರಾಜನೊಬ್ಬನ ಕೈಯಲ್ಲಿ ಜೀತಕ್ಕಿದ್ದರಂತೆ. ದೇವರ ದಯೆಯಿಂದ ಬಿಡುಗಡೆಯಾದಾಗ ಎಷ್ಟು ಅವಸರವೆಂದರೆ ಕಲಸಿದ ಹಿಟ್ಟು ಉಬ್ಬಲು ಪುರುಸೊತ್ತಿಲ್ಲದೆ ಹಾಗೇ ಹೊತ್ತು ನಡೆದರಂತೆ. ಆ ನೆನಪಿಗೆ, ಗೋಧಿಯಂಥ ಧಾನ್ಯದ ಹಿಟ್ಟು ನೀರು ಕುಡಿದು ನೆನೆದು ಉಬ್ಬಿದರೆ ಅದೇ ಹುಳಿ, ಅದು ಮಾತ್ರ ನಿಷಿದ್ಧ. ಹುಣಿಸೆಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ತಮ್ಮ ಜನ ಅಕ್ಕಿ ತಿನ್ನುತ್ತಾರೆ, ಹಾಗಾಗಿ ಇಡ್ಲಿ ಎಷ್ಟು ಉಬ್ಬಿದರೂ ಉಬ್ಬಲಿ. ಕಲಸಿ ಅರ್ಧ ಗಂಟೆ ಮುಚ್ಚಿಟ್ಟ ಚಪಾತಿ ಎಷ್ಟು ಚಪ್ಪಟೆಯಾಗಿದ್ದರೂ ಬೇಡ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಅದೂ ಬೇಡ.

ಅಡುಗೆಮನೆಯಲ್ಲಿ ಇರಬಾರದಾಗಿದ್ದದ್ದು ಗೋಧಿ ಹಿಟ್ಟು, ಇಂಗು ಎರಡೇ, ಅವೆರಡೂ ಅಲ್ಲೇ ಉಳಿದಿದ್ದವು. ರುದ್ರಮ್ಮ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಊರಿಗೆಲ್ಲ ಸಪ್ಪೆ ಊಟ ಹಾಕಿದ್ದು, ಗೋಡೆಗೆ ಹೋಗಿ ಕೈಚಾಚಿದ್ದು, ಆ ಮನೇಲಿ ಹುಳಿ ಇಲ್ದೆ ಇರೋ ದಿನಾನೂ ಬಂತಲ್ಲ ಎಂದು ಹಸುವಿನ ಬಾಯಲ್ಲಿ ಅನ್ನಿಸಿಕೊಂಡದ್ದು, ಎಲ್ಲ ಸುಮ್ಮನೆ. ಟೀಚರಮ್ಮ ನಗಲು ಶುರುಮಾಡಿ, ಅವರ ಮುಖ ನೋಡಿ ನಿಲ್ಲಿಸಿ, ಪಕ್ಕಕ್ಕೆ ಬಂದು ಕೂತರು. ಮೇಣದಬತ್ತಿ ಆರಿಸಲಿಲ್ಲ.

ಆಗ ರುದ್ರಮ್ಮನ ಕಣ್ಣಿಗೆ ಮೇಜಿನ ಮೇಲಿದ್ದ, ಒಡೆಯದೇ ಇದ್ದ ಕೊರಿಯರ್ ಡಬ್ಬ ಬಿತ್ತು. ಬಂದು ಬಹಳ ದಿನವಾಗಿತ್ತು, ಸಹಿ ಹಾಕಿ ತೆಗೆದುಕೊಂಡವರು ಷಡಕ್ಷರಪ್ಪ. ಏನದು ಎಂದು ಕೇಳಿದರು. ಹಬ್ಬಕ್ಕೆಂದು ತಮ್ಮ ಕಳಿಸಿದ ಉಬ್ಬದ ರೊಟ್ಟಿ ಎಂದರು ಟೀಚರಮ್ಮ. ಹಬ್ಬ ನಾಳೆ ಇಟ್ಟುಕೊಂಡು ಇನ್ನೂ ಯಾಕೆ ಒಡೆದಿಲ್ಲ ಎಂದು ಕೇಳಿದರೆ ಟೀಚರಮ್ಮ ಉಳುಕಿದ ಕಾಲನ್ನು ಸವರಿಕೊಂಡರು.

"ಟೀಚರಮ್ಮ, ಒಂದ್ ಮಾತು. ಅರಸೀಕೆರೇಲಿ ರೈಲು ಹತ್ತಿಸೋಕೆ ನಮ್ಮೆಜಮಾನ್ರು ಬತ್ತಿದ್ರು. ರೈಲಲ್ಲಿ ಕೂತ್ಕಂಡ್ ಹೋಗೋಕೆ ಕಾಲ್ಯಾಕೆ ಬೇಕಿತ್ತು?"

ಟೀಚರಮ್ಮ ಮೇಣದಬತ್ತಿಯನ್ನು ಇಬ್ಬರ ನಡುವೆ ಹೊಸ್ತಿಲ ಮೇಲೆ ನಿಲ್ಲಿಸಿದರು.

"ನನ್ನ ತಮ್ಮ, ಎಲ್ಲಾರ ಮುಂದ, ನನ್ನ ಆನಿ ಎಮ್ಮಿ ಹಂಗ ಕಾಣ್ತೈತಿ ಅಂದಾನ್ರೀ."

ಈಗ ನಗಬಾರದು ಎಂದು ರುದ್ರಮ್ಮನಿಗೆ ಗೊತ್ತಿತ್ತು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ನಗು ತಡೆದದ್ದಕ್ಕೆ ಕಣ್ಣಲ್ಲಿ ನೀರು ಬಂತು. ಟೀಚರಮ್ಮ ಅದನ್ನು ಮರುಕ ಎಂದುಕೊಂಡು ಅವರ ಕೈ ಹಿಡಿದರು. ಅಷ್ಟು ಹೊತ್ತಿಗೆ ರುದ್ರಮ್ಮನ ನಗುವೂ ನಿಂತಿತ್ತು. ಎಮ್ಮೆ ಅಂದದ್ದಕ್ಕೆ ಒಬ್ಬರು ಹಬ್ಬಕ್ಕೆ ಹೋಗದೆ ಕೂತರೆ ಅದು ನಗುವ ಮಾತು. ಹುಳಿ ಮುಂದಾಯಿತು ಅಂದದ್ದಕ್ಕೆ ಇನ್ನೊಬ್ಬರು ಎತ್ತಿ ಆಡಿಸಿದ ಮಗುವಿನ ನಿಶ್ಚಿತಾರ್ಥಕ್ಕೆ ಹೋಗದೆ ಕೂತರೆ ಅದು ಯಾವ ಮಾತು? ಮೇಣದಬತ್ತಿಯ ಬೆಳಕು ನೇರ ಅವರ ಮುಖದ ಮೇಲೇ ಇತ್ತು.

ಡಬ್ಬ ಕಳಿಸಿದಾನಲ್ಲ, ಅದೂ ಒಂಥರಾ ಮಾತೇ, ಅಷ್ಟು ಹೇಳಿ ಅವರು ಚಪಾತಿಯ ತಟ್ಟೆ ಎತ್ತಿಕೊಂಡು ಇಳಿದರು. ಅರ್ಧ ಮೆಟ್ಟಿಲಲ್ಲಿ ಇರುವಾಗ ಮೇಲೆ ಫೋನಿನಲ್ಲಿ ಟೀಚರಮ್ಮ ಮರಾಠಿಯಲ್ಲಿ ಮಾತಾಡುವುದು ಕೇಳಿಸಿತು. ಮೊದಲು ಜಗಳದ ದನಿ, ಆಮೇಲೆ ನಗು. ಮಾರನೆಯ ಬೆಳಿಗ್ಗೆ ರಸ್ಕಿನ ಚೂರುಗಳನ್ನೆಲ್ಲ ಹಿತ್ತಲಲ್ಲಿ ಸುಟ್ಟರು. ಸುಡುವಾಗ ಕಡ್ಡಿ ಗೀರಿದವರು ರುದ್ರಮ್ಮ.

ಬೆಂಕಿ ಆರಿದ ಮೇಲೆ ಭರಣಿಗಳನ್ನು ವಾಪಸು ಕೇಳಲು ಅವರು ಗೋಡೆಯ ಹತ್ತಿರ ಹೋದರು. ಹೊಗೆಗೆ ಕಾಗೆ ಎಲ್ಲೋ ಹೋಗಿತ್ತು. ಆ ಕಡೆ ಅನುಸೂಯಮ್ಮ ಮಡಕೆ ಮುಂದಿಟ್ಟುಕೊಂಡು ಹುಣಿಸೆಹಣ್ಣು ಬಿಡಿಸುತ್ತಿದ್ದರು. ರುದ್ರಮ್ಮನ ನೆರಳು ಕಂಡು ಹಸುವಿನ ಕಡೆ ತಿರುಗಿದರು.

"ಗೌರೀ, ಕಾಯಿ ಕೊಟ್ಟು ಕೊಂಡಿದೀವಿ, ಇದು ನಮ್ಮದು ಅನ್ನು. ಭಾನುವಾರದ ಹುಳಿಗೆ ಇದ್ನೇ ಹಾಕದು."

ರುದ್ರಮ್ಮ ಗೋಡೆಯ ಮೇಲೆ ನೋಡಿದರು, ಕರಿಬೇವಿನ ಗಿಡದಲ್ಲಿ ನೋಡಿದರು. ಒಂದು ಗುಬ್ಬಿಯೂ ಇರಲಿಲ್ಲ. ಮಡಕೆಯಿಂದ ಬಟ್ಟಲಿಗೆ ಹಣ್ಣು ರಾಶಿಯಾಗಿ ಬೀಳುತ್ತಿತ್ತು. ಅವರಿಂದ ತಡೆಯಲಾಗಲಿಲ್ಲ.

"ಅನುಸೂಯಾ, ಅಷ್ಟೊಂದು ಹಾಕ್ಬೇಡ ಕಣೇ. ಅದು ಹಳೇ ಹಣ್ಣು, ವಿಪರೀತ ಹುಳಿ. ರೂಮಿನ ಪೂಜೆ ದಿನಾನೂ ಅದ್ನೇ ಹಾಕಿ ಕೆಟ್ಟಿದ್ದು."

ಹೇಳಿದ ಮೇಲೆ ಏನು ಹೇಳಿದೆ ಎಂದು ಅವರಿಗೇ ಕೇಳಿಸಿತು. ಅನುಸೂಯಮ್ಮ ಬಟ್ಟಲನ್ನು ಕೆಳಗಿಟ್ಟರು. ಹಸುವಿನ ಕಡೆ ನೋಡಲಿಲ್ಲ.

"ಹಂಗಾದ್ರೆ ನೀವೇ ಬಂದು ಹಾಕಿ ಅಕ್ಕ. ನನಗೆ ಅಳತೆ ಗೊತ್ತಾಗಾಕಿಲ್ಲ."

ಸೀರೆಗೆ ಕೈ ಒರೆಸಿ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ಗೋಡೆಯ ಮೇಲಿಂದ ಕೈ ಚಾಚಿದರು. ಗೋಡೆ ಮೇಲಿಂದ ಕರೀತಾರೇನೇ, ಬೀದಿ ಬಾಗಿಲಿಂದ ಬಾ ಎಂದು ರುದ್ರಮ್ಮ ಗದರಿದರು. ಅನುಸೂಯಮ್ಮ ಬೀದಿ ಸುತ್ತಿ ಬರುವಷ್ಟರಲ್ಲಿ ರುದ್ರಮ್ಮನೂ ತಡೆಯಲಾರದೆ ಎದುರು ಹೊರಟಿದ್ದರು. ರಸ್ತೆಯ ಮಧ್ಯೆ, ಬೇಲೂರು ಬಸ್ಸು ನಿಲ್ಲಿಸಿಕೊಂಡು ಕುಂಕುಮ ಹಚ್ಚಿದ್ದಾಯಿತು. ಕಂಡಕ್ಟರ್ ಇಂದ್ರೇಶ್ ಕೆಳಗಿಳಿದು, ವ್ರತ ಮುಗಿಯಿತೇ, ನಾಳೆ ಹುಳಿ ಇದೆಯೇ ಎಂದು ವಿಚಾರಿಸಿ ಹೋದ.

ಭಾನುವಾರ ಅರಸೀಕೆರೆಯ ಬೀಗರು ಬಂದರು. ರುದ್ರಮ್ಮ ಬೆಳಗಿನಿಂದ ಆ ಮನೆಯ ಒಲೆಯ ಮುಂದೆಯೇ ಇದ್ದರು. ಆರತಿ ಎತ್ತುವಾಗ ನಂದಿತಾ ದೊಡ್ಡಮ್ಮನ ಮುಖ ನೋಡಿ ಅತ್ತಳು, ಸುಮ್ಮನಿರೇ ಮೊದ್ದು ಎಂದು ಬೈಸಿಕೊಂಡಳು. ಟೀಚರಮ್ಮನಿಗೆ ಇಂಗಿಲ್ಲದ ಹುಳಿಯನ್ನು ಹೊಸ ಪಾತ್ರೆಯಲ್ಲಿ ಬೇರೆಯೇ ಮಾಡಿಟ್ಟಿದ್ದರು. ಅವರು ಪಂಕ್ತಿಯ ತುದಿಯಲ್ಲಿ ಕೂತು, ತಮ್ಮ ಕಳಿಸಿದ ರೊಟ್ಟಿಯನ್ನು ಮುರಿದು ಪಕ್ಕದವರಿಗೂ ಕೊಟ್ಟರು. ಷಡಕ್ಷರಪ್ಪ ಒಂದು ಚೂರು ತಿಂದು, ಉಪ್ಪು ಮರೆತ ಹಪ್ಪಳ ಅಂದರು.

ಊಟ ಅರ್ಧವಾದಾಗ ಗಂಡಿನ ತಾಯಿ ಎಲೆಯಿಂದ ತಲೆಯೆತ್ತಿ, "ಎಲ್ಲಾ ಚೆನ್ನಾಗೈತೆ ಬೀಗರೇ. ಹುಳಿ ಮಾತ್ರ ಒಸಿ ಹಿಂದಾಯ್ತೇನೋ" ಅಂದರು.

ಪಂಕ್ತಿ ಪೂರ್ತಿ ನಿಂತಿತು. ಷಡಕ್ಷರಪ್ಪನ ತುತ್ತು ಬಾಯಿಯ ಹತ್ತಿರವೇ ಉಳಿಯಿತು. ಬಡಿಸುತ್ತಿದ್ದ ಅನುಸೂಯಮ್ಮ ಸೌಟು ಹಿಡಿದು ಕಲ್ಲಾದರು. ರುದ್ರಮ್ಮನ ಮುಖ ಒಂದು ಗಳಿಗೆ ಹಿಟ್ಟಿನ ಹಾಗೆ ಉಬ್ಬಿತು. ತುದಿಯಲ್ಲಿ ಕೂತ ಟೀಚರಮ್ಮ ಉಬ್ಬದ ರೊಟ್ಟಿಯ ಚೂರೊಂದನ್ನು ಮೆಲ್ಲಗೆ ಎತ್ತಿ ತೋರಿಸಿದರು.

"ಹೌದ್ ಕಣಮ್ಮ, ಹಿಂದಾಗೈತೆ" ಅಂದರು ರುದ್ರಮ್ಮ. "ಮುಂದಾಗಿದ್ದಕ್ಕೆ ಮೂರು ವರ್ಷ ಉಂಡಿದೀವಿ. ನಿಂಬೆಹಣ್ಣು ತತ್ತೀನಿ ತಾಳಿ."

ಅನುಸೂಯಮ್ಮನಿಗೆ ಬೀಗರ ಎದುರು ನಗುವ ಹಾಗಿಲ್ಲ. ಸೌಟು ಹಿಡಿದೇ ಹಿತ್ತಲಿಗೆ ಓಡಿದರು. ಅಲ್ಲಿ ಗೌರಿಯ ಹತ್ತಿರ ಬಿದ್ದು ಬಿದ್ದು ನಗುತ್ತ ಏನೇನೋ ಹೇಳುತ್ತಿದ್ದದ್ದು ಪಂಕ್ತಿಗೂ ಕೇಳಿಸುತ್ತಿತ್ತು. ಈ ಸಲ ಅದು ಹಸುವಿಗೇ ಹೇಳಿದ್ದು.